ಎಂಟನೇ ತರಗತಿಗೆ ಬಂದ ಹುಡುಗ ಯಾರ ಪಾಲು?

"ಬಾಯಿಲೆ ಎಲ್ಲಾ ಹೇಳ್ತಾನ್ರಿ ಸರ್. ಬರಿ ಅಂದ್ರ ಬರಿಯೂದಿಲ್ಲ."

ಜೂನ್ ತಿಂಗಳ ಪ್ರವೇಶದ ಗದ್ದಲದಲ್ಲಿ ಬೆಳಗಾವಿಯ ಹೈಸ್ಕೂಲುಗಳಲ್ಲಿ ಈ ಮಾತು ಪ್ರತಿವರ್ಷ ಕೇಳಿಸುತ್ತದೆ. ಹೇಳುವವರು ಬಹುಪಾಲು ತಾಯಂದಿರು. ಏಳನೆಯ ತರಗತಿಯ ಟಿ.ಸಿ. ಅವರ ಕೈಯಲ್ಲಿ, ಹುಡುಗ ಅವರ ಬೆನ್ನ ಹಿಂದೆ. ಅವನಿಗೊಂದು ಹಾಳೆ ಕೊಟ್ಟು 'ಸಕ್ಕರೆ' ಬರೆ ಎಂದರೆ 'ಸಕರೆ' ಆಗುತ್ತದೆ, 'ಹಬ್ಬ' ಹೋಗಿ 'ಹಬ' ಆಗುತ್ತದೆ. ಒತ್ತಕ್ಷರ ಅವನ ಪಾಲಿಗೆ ಇಲ್ಲವೇ ಇಲ್ಲ. ಅದೇ ಹುಡುಗನಿಗೆ ಕಿಲೋಗೆ 44 ರೂಪಾಯಿಯಾದರೆ ಎರಡೂವರೆ ಕಿಲೋ ಸಕ್ಕರೆಗೆ ಎಷ್ಟಾಯ್ತು ಎಂದು ಕೇಳಿ. ಪೆನ್ನು ಮುಟ್ಟದೆ ನೂರಾಹತ್ತು ಅನ್ನುತ್ತಾನೆ. ಬುದ್ಧಿ ಚುರುಕಿದ್ದೂ ಓದು-ಬರಹ ಮಾತ್ರ ಕೈಕೊಡುವ ಈ ತೊಡಕಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ.

"ಇರ್ಲಿ ಬಿಡ್ರಿ ಅವ್ವಾರ, ನೋಡೋಣು" ಎಂದು ಮುಖ್ಯೋಪಾಧ್ಯಾಯರು ಅರ್ಜಿಗೆ ಸಹಿ ಹಾಕುತ್ತಾರೆ. ನೋಡುವವರು ಯಾರು ಎಂಬುದು ಮಾತ್ರ ಅಲ್ಲಿ ತೀರ್ಮಾನವಾಗುವುದಿಲ್ಲ. ಇಲ್ಲಿಯ ಅನುದಾನಿತ ಹೈಸ್ಕೂಲೊಂದರಲ್ಲಿ ಬಹಳ ವರ್ಷ ಪಾಠ ಮಾಡಿದವನು ನಾನು. ಸಹೋದ್ಯೋಗಿಗಳಲ್ಲಿ ಕೆಟ್ಟ ಮನಸ್ಸಿನವರನ್ನು ಕಂಡದ್ದು ಕಡಿಮೆ. ಇದು ತನ್ನ ಕೆಲಸ ಎಂದುಕೊಂಡವರನ್ನು ಕಂಡದ್ದು ಇನ್ನೂ ಕಡಿಮೆ. ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂಗವೈಕಲ್ಯ ಇಲ್ಲವೇ ಕಲಿಕೆಯ ತೊಡಕಿರುವ ಮಕ್ಕಳಿಗೆ ಮೊದಲು ಇದ್ದದ್ದು ಪ್ರತ್ಯೇಕ ಶಾಲೆಯ ಕಲ್ಪನೆ ಒಂದೇ. ಬೆಳಗಾವಿ, ವಿಜಯಪುರ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕಿವುಡ ಮಕ್ಕಳ ಶಾಲೆ ಮುಂಬಯಿಯಲ್ಲಿ 1880ರ ದಶಕದಲ್ಲೇ ತೆರೆದಿತ್ತು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲಿ ಶುರುವಾಯಿತು. ಬೆಳಗಾವಿಯ ಮಾಹೇಶ್ವರಿ ಅಂಧ ಮಕ್ಕಳ ಶಾಲೆಯೂ ಇದೇ ಪರಂಪರೆಯದು. ಈ ಶಾಲೆಗಳು ಮಾಡಿದ ಕೆಲಸ ದೊಡ್ಡದು. ಆದರೆ ಊರಿನ ಉಳಿದ ಶಾಲೆಗಳಿಗೆ ಅದರಿಂದ ಒಂದು ನೆಪವೂ ಸಿಕ್ಕಿತು: ಅಂಥ ಮಕ್ಕಳಿಗೆ ಬೇರೆ ಜಾಗ ಇದೆಯಲ್ಲ!

ಈ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಎಲ್ಲರೊಡನೆ ಕೂರಿಸಬೇಕು ಎಂಬ ಕೇಂದ್ರದ ಯೋಜನೆ ಬಂದದ್ದು 1974ರಲ್ಲಿ. ಪುಸ್ತಕ, ಸಮವಸ್ತ್ರ, ಓಡಾಟದ ಭತ್ಯೆ ಅದರಲ್ಲಿದ್ದವು. ಆ ಯೋಜನೆ ಹುಟ್ಟಿದ್ದು ಸಮಾಜ ಕಲ್ಯಾಣ ಸಚಿವಾಲಯದಲ್ಲಿ, ಶಿಕ್ಷಣ ಸಚಿವಾಲಯಕ್ಕೆ ಬಂದದ್ದು 1982ರಲ್ಲಿ. ಎಂಟು ವರ್ಷ ಈ ಮಕ್ಕಳ ಓದು 'ಕಲ್ಯಾಣ'ದ ಬಾಬತ್ತಾಗಿತ್ತು. ನನ್ನನ್ನು ಕೇಳಿದರೆ ಆ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಯ ಅಂಗಳದಲ್ಲಿ ನಡೆಯುವ ತಪಾಸಣಾ ಶಿಬಿರಕ್ಕೆ ಒಮ್ಮೆ ಹೋಗಿ ನೋಡಿ. ಅಂಗವಿಕಲರ ಸಾಧನಗಳನ್ನು ತಯಾರಿಸುವ ಅಲಿಂಕೊ ಸಂಸ್ಥೆಯ ಗಾಲಿ ಕುರ್ಚಿ, ಕ್ಯಾಲಿಪರ್, ಶ್ರವಣ ಸಾಧನಗಳಿಗಾಗಿ ಅಳತೆ ತೆಗೆದುಕೊಳ್ಳುತ್ತಾರೆ, ಆಮೇಲೆ ವಿತರಣೆ, ಫೋಟೊ. ಅದು ಬೇಕಾದದ್ದೇ, ಅನುಮಾನವಿಲ್ಲ. ಆದರೆ 'ಸಕರೆ' ಎಂದು ಬರೆಯುವ ಹುಡುಗನಿಗೆ ಕೈಗೆತ್ತಿ ಕೊಡುವಂಥ ವಸ್ತುವೇ ಇಲ್ಲ. ಹಾಗಾಗಿ ಅವನು ಶಿಬಿರಕ್ಕೆ ಹೋಗುವುದೇ ಇಲ್ಲ.

ನಮ್ಮ ಭಾಗದಲ್ಲಿ ನಿಜವಾದ ವ್ಯವಸ್ಥೆ ಕಟ್ಟಿದ್ದು ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ. ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ ಒಂದು. ಎರಡನೆಯ ಹಂತದಲ್ಲಿ ಆಗಿನ ಬಿಜಾಪುರವೂ ಸೇರಿತು, ಬಾಗಲಕೋಟೆ ಅದರ ಹೊಟ್ಟೆಯಲ್ಲೇ ಇತ್ತು. ಬಿಆರ್‌ಸಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಎಂಬ ಪದಗಳು ಮಾಸ್ತರರ ಬಾಯಿಗೆ ಬಂದದ್ದು ಆಗಲೇ. 2001ರ ಸರ್ವ ಶಿಕ್ಷಾ ಅಭಿಯಾನ ಇದರ ಮೇಲೇ ಬೆಳೆಯಿತು. ಯಾವ ಮಗುವನ್ನೂ ವಾಪಸ್ ಕಳಿಸುವಂತಿಲ್ಲ ಎಂಬ ನಿಯಮ ಬಂತು, ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣ ಬಂತು, ಬ್ಲಾಕಿಗೆ ಬೆರಳೆಣಿಕೆಯಷ್ಟು ಬಿಐಇಆರ್‌ಟಿಗಳು (ಈ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು) ಬಂದರು. ಒಬ್ಬ ಸಂಪನ್ಮೂಲ ಶಿಕ್ಷಕಿ ಸೋಮವಾರ ಒಂದು ಶಾಲೆ, ಮಂಗಳವಾರ ಇನ್ನೊಂದು, ಬುಧವಾರ ಹಾಸಿಗೆ ಹಿಡಿದ ಮಗುವಿನ ಮನೆ ಎಂದು ತಿರುಗುವುದನ್ನು ನೋಡಿದ್ದೇನೆ.

ಎಲ್ಲವೂ ಸರಿ, ಎಲ್ಲವೂ ಪ್ರಾಥಮಿಕಕ್ಕೆ. ಹೈಸ್ಕೂಲಿನ ಮಕ್ಕಳಿಗೆಂದೇ ಪ್ರತ್ಯೇಕ ಯೋಜನೆ ಬಂದದ್ದು 2009ರಲ್ಲಿ, ಅದೂ ಒಂಬತ್ತರಿಂದ ಹನ್ನೆರಡನೆಯ ತರಗತಿಗೆ. 2013ರಲ್ಲಿ ಅದು ಮಾಧ್ಯಮಿಕ ಶಿಕ್ಷಾ ಅಭಿಯಾನದೊಳಗೆ ಸೇರಿತು, 2018ರಲ್ಲಿ ಎಲ್ಲ ಒಟ್ಟಾಗಿ ಸಮಗ್ರ ಶಿಕ್ಷಾ ಆಯಿತು. ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿ, ಹೆಣ್ಣುಮಕ್ಕಳಿಗೆ ಹತ್ತು ತಿಂಗಳು 200 ರೂಪಾಯಿಯಂತೆ ಪ್ರೋತ್ಸಾಹಧನ ಎಂಬ ಲೆಕ್ಕ ಅದರಲ್ಲಿದೆ. ಇಷ್ಟರಲ್ಲಿ ಎಂಟನೆಯ ತರಗತಿ ಎಲ್ಲಿ ಹೋಯಿತು ನೋಡಿ. ಯೋಜನೆಯ ಲೆಕ್ಕದಲ್ಲಿ ಅದು ಪ್ರಾಥಮಿಕ ಹಂತದ ಕೊನೆ. ನಮ್ಮೂರಲ್ಲಿ ಹೆಚ್ಚಿನ ಕಡೆ ಹೈಸ್ಕೂಲಿನ ಮೊದಲ ಮೆಟ್ಟಿಲು. ದುಡ್ಡು ಒಂದು ಕಡತದಲ್ಲಿ, ಹುಡುಗ ಇನ್ನೊಂದು ಕಟ್ಟಡದಲ್ಲಿ.

ಕಟ್ಟಡ ಬದಲಾದರೆ ಪದ್ಧತಿಯೂ ಬದಲು. ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಅಕ್ಕೋರು ದಿನವಿಡೀ ಜೊತೆಗಿರುತ್ತಾರೆ. ಹೈಸ್ಕೂಲಿನಲ್ಲಿ ನಲವತ್ತು ನಿಮಿಷಕ್ಕೊಮ್ಮೆ ಮುಖ ಬದಲಾಗುತ್ತದೆ. ಗಣಿತದವರಿಗೆ ಅವನು ಚುರುಕು, ಕನ್ನಡದವರಿಗೆ ದಡ್ಡ, ಸಮಾಜದವರಿಗೆ ಸೋಮಾರಿ. ಆರು ಜನ ಒಟ್ಟಿಗೆ ಕೂತು ಅವನ ಬಗ್ಗೆ ಮಾತಾಡುವ ಪಿರಿಯಡ್ ವೇಳಾಪಟ್ಟಿಯಲ್ಲಿಲ್ಲ.

ಕಾನೂನೂ ಅವನನ್ನು ತಡವಾಗಿಯೇ ಗುರುತಿಸಿತು. 1995ರ ಕಾಯ್ದೆಯಲ್ಲಿದ್ದ ಅಂಗವೈಕಲ್ಯಗಳು ಏಳು. 2016ರ ಕಾಯ್ದೆ ಅವನ್ನು 21ಕ್ಕೆ ಏರಿಸಿತು, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲೊಂದು. 2018ರ ಮಾರ್ಗಸೂಚಿಯ ಪ್ರಕಾರ ಈ ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ, ಮತ್ತೆ ಹದಿನಾಲ್ಕಕ್ಕೆ, ಮತ್ತೆ ಹದಿನೆಂಟಕ್ಕೆ. ಹದಿನಾಲ್ಕು ಎಂದರೆ ಎಂಟೋ ಒಂಬತ್ತೋ ನಡೆದಿರುವ ವಯಸ್ಸು. ಮಗ್ಗ ನಿಲ್ಲಿಸಿ, ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕಾದವರು ಅಪ್ಪ-ಅವ್ವ. ಯಾವ ದಿನ, ಯಾವ ವಿಭಾಗ, ಯಾವ ಕಾಗದ ಎಂದು ಹೇಳಬೇಕಾದವರು ಶಾಲೆಯವರು. ಆ ಕಾಗದವಿಲ್ಲದೆ ಎಸ್ಸೆಸ್ಸೆಲ್ಸಿಯಲ್ಲಿ ಲಿಪಿಕಾರ ಸಿಗುವುದು ಕಷ್ಟ. ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಎನ್ನುತ್ತದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಬಾಯಿಲೆ ಎಲ್ಲಾ ಹೇಳುವ ಹುಡುಗನಿಗೆ ಆ ಒಂದು ಗಂಟೆ, ಬರೆದುಕೊಡುವ ಇನ್ನೊಂದು ಕೈ ಇದ್ದರೆ ಪಾಸು.

ಬೆಳಗಾವಿಗೆ ಇನ್ನೊಂದು ತೊಡಕಿದೆ. ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ನಾಲ್ಕೂ ಮಾಧ್ಯಮದ ಶಾಲೆಗಳು ಒಂದೇ ಊರಿನಲ್ಲಿವೆ. ಏಳರವರೆಗೆ ಮರಾಠಿಯಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಹುಡುಗಿ ತಡವರಿಸಿದರೆ ಅದು ನ್ಯೂನತೆಯೋ, ಭಾಷೆ ಬದಲಾದ ಪೆಟ್ಟೋ? ಅವಳಿಗೆ ಬರುವ ಭಾಷೆಯಲ್ಲೂ ಓದಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಅಂದಾಜು ಸಿಗುತ್ತದೆ. ಹಾಗೆ ಓದಿಸಬಲ್ಲವರು ಎಷ್ಟೋ ಶಾಲೆಗಳಲ್ಲಿ ಶಿಕ್ಷಕರಲ್ಲ, ಸಿಪಾಯಿ, ಅಂದರೆ ಶಾಲೆಯ ಜವಾನ. ತಮಾಷೆಯಲ್ಲ, ನಾನೇ ಒಮ್ಮೆ ನಮ್ಮ ಸಿಪಾಯಿಯನ್ನು ಕರೆದು ಓದಿಸಿದ್ದೇನೆ.

2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ಶಾಲೆಗಳಿಗೂ ವಿಶೇಷ ಶಿಕ್ಷಕರು ಬೇಕೆಂದು ಹೇಳಿ ಅನುಪಾತ ನಿಗದಿ ಮಾಡಿತು: ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. 2025ರ ಮಾರ್ಚ್‌ನಲ್ಲಿ, ಹುದ್ದೆಗಳನ್ನು ಅಧಿಸೂಚಿಸಿ ಎಂದು ರಾಜ್ಯಗಳಿಗೆ ಮತ್ತೆ ಸೂಚಿಸಿತು. ಒಳ್ಳೆಯದೇ. ಆದರೆ ಗುರುತಿಸಿದ ಮಕ್ಕಳು ಏಳೆಂಟೇ ಇರುವ ಶಾಲೆಗೆ ಪೂರ್ತಿ ಒಬ್ಬರು ಬರುವುದಿಲ್ಲ, ಎರಡು ಮೂರು ಶಾಲೆ ಸೇರಿ ಒಬ್ಬರು. ಅವರು ಬಾರದ ದಿನ? ಇಂಗ್ಲೆಂಡಿನಲ್ಲಿ 1994ರ ನಿಯಮಾವಳಿಯಿಂದ ಸಾಮಾನ್ಯ ಶಾಲೆಯೊಳಗೇ ಒಬ್ಬ ಶಿಕ್ಷಕರನ್ನು ಹೆಸರಿಸಿ ಈ ಹೊಣೆ ಒಪ್ಪಿಸುವ ಪದ್ಧತಿಯಿದೆ. ಬೇರೆ ಶಿಕ್ಷಕರಿಗೆ ದಾರಿ ತೋರಿಸುವುದು, ಮನೆಯವರೊಡನೆ ಮಾತಾಡುವುದು, ಕಾಗದಪತ್ರ ಎಲ್ಲ ಅವರದು. ಅವರ ದುಡ್ಡು ನಮ್ಮಲ್ಲಿಲ್ಲ, ಒಪ್ಪುತ್ತೇನೆ. ಆದರೆ ಇರುವ ಹತ್ತು ಮಂದಿಯಲ್ಲಿ ಒಬ್ಬರ ಹೆಸರು ಬರೆದು, ವಾರಕ್ಕೆ ನಾಲ್ಕು ಪಿರಿಯಡ್ ಕಡಿಮೆ ಮಾಡುವುದಕ್ಕೆ ಎಷ್ಟು ದುಡ್ಡು ಬೇಕು? ಎನ್‌ಸಿಸಿಗೆ, ಸ್ಕೌಟಿಗೆ, ಬಿಸಿಯೂಟದ ಲೆಕ್ಕಕ್ಕೆ ಹೆಸರು ಹಚ್ಚುತ್ತೇವಲ್ಲ.

ನನಗೆ ಆ ಕೆಲಸ ಅಂಟಿಕೊಂಡದ್ದು ಆಕಸ್ಮಿಕವಾಗಿ. 'ಸಕರೆ' ಹುಡುಗ ನನ್ನ ತರಗತಿಗೇ ಬಂದಿದ್ದ. ಟಿ.ಸಿ.ಯಲ್ಲಿ ಜನ್ಮದಿನಾಂಕ, ಜಾತಿ, ನಡತೆ ಎಲ್ಲ ಇತ್ತು. ಅವನು ಹೇಗೆ ಕಲಿಯುತ್ತಾನೆ ಎಂಬುದಕ್ಕೆ ಜಾಗವಿರಲಿಲ್ಲ. ಹಳೆಯ ಶಾಲೆಗೆ ಫೋನು ಹಚ್ಚಿದೆ. ನಾಲ್ಕನೆಯ ತರಗತಿಗೆ ಕಲಿಸಿದ್ದ ಅಕ್ಕೋರು ಸಿಕ್ಕರು. "ಅವನಿಗೆ ಫಳಿ ಮ್ಯಾಲಿಂದು ಬರ್ಕೊ ಅನಬ್ಯಾಡ್ರಿ ಸರ್. ಬಾಜೂಕ ಕುಂತ ಹುಡುಗ ಓದ್ಲಿ, ಇವ ಕೇಳ್ಲಿ. ಎರಡ ಸಲ ಸಾಕು" ಎಂದರು. ಇಡೀ ಸಂಭಾಷಣೆ ಐದು ನಿಮಿಷದ್ದು. ಅದನ್ನು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಮರುವರ್ಷ ಅವನು ಒಂಬತ್ತಕ್ಕೆ ಹೋದ. ಅಲ್ಲಿಯ ಹಾಜರಿ ಪುಸ್ತಕ ಬೇರೆಯವರ ಹತ್ತಿರವಿತ್ತು.