ಕೂಳೂರಲ್ಲೂ 14, ಕಾಪುವಿನಲ್ಲೂ 14

ಜುಲೈ ತಿಂಗಳ ಒಂದು ರಾತ್ರಿ ಮಂಗಳೂರಿನಿಂದ ಉಡುಪಿಗೆ ಹೊರಟಿದ್ದೆ. ಮಳೆ ಧೋ ಎಂದು ಸುರಿಯುತ್ತಿತ್ತು. ಹೆಡ್‌ಲೈಟ್, ವೈಪರ್, ಎಸಿ ಎಲ್ಲ ಓಡುತ್ತಿದ್ದವು. ಚಾರ್ಜರ್ ಸಾಕೆಟ್ಟಿಗೆ ಸಣ್ಣ ವೋಲ್ಟ್‌ಮೀಟರ್ ಸಿಕ್ಕಿಸಿದ್ದೆ. ಕೂಳೂರು ಸೇತುವೆ ಹತ್ತಿರ ಬ್ಲಾಕ್‌ನಲ್ಲಿ ನಿಂತಾಗ ಅದರಲ್ಲಿ 14.0 ವೋಲ್ಟ್ ಇತ್ತು. ಪಡುಬಿದ್ರಿ ದಾಟಿ ಕಾಪು ಕಡೆ 80ರ ವೇಗದಲ್ಲಿ ಹೋಗುವಾಗ 14.1. ಇಂಜಿನ್ ಸುಮಾರು ಮೂರು ಪಟ್ಟು ಜೋರಾಗಿ ತಿರುಗುತ್ತಿದೆ, ಮೀಟರ್ ಮಾತ್ರ ಅಲುಗಾಡುತ್ತಿಲ್ಲ!

ಕಾರಿಗೆ ಬೇಕಾದ ಕರೆಂಟ್ ತಯಾರಿಸುವ ಆಲ್ಟರ್ನೇಟರನ್ನು ತಿರುಗಿಸುವುದು ಇಂಜಿನ್ನಿನ ಬೆಲ್ಟ್. ಅಯಸ್ಕಾಂತ ಜೋರಾಗಿ ತಿರುಗಿದಷ್ಟೂ ಪಕ್ಕದ ತಂತಿ ಸುರುಳಿಯಲ್ಲಿ ವೋಲ್ಟೇಜ್ ಜಾಸ್ತಿ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮ ಇದು. ವೇಗ ಇರುವುದು ನಮ್ಮ ಕಾಲಡಿಯ ಆಕ್ಸಿಲರೇಟರಿನಲ್ಲಿ. ಸುರುಳಿಯ ಸುತ್ತುಗಳನ್ನು ದಾರಿಯಲ್ಲಿ ಬದಲಿಸಲು ಆಗುವುದಿಲ್ಲ. ಹಾಗಾಗಿ ಹಿಡಿತಕ್ಕೆ ಸಿಗುವುದು ಒಂದೇ, ಅಯಸ್ಕಾಂತದ ಬಲ.

ಅದಕ್ಕೇ ಒಳಗೆ ತಿರುಗುವ ರೋಟರನ್ನು ವಿದ್ಯುತ್ಕಾಂತವಾಗಿ ಮಾಡಿದ್ದಾರೆ. ಎರಡು ಕಾರ್ಬನ್ ಬ್ರಷ್‌ಗಳ ಮೂಲಕ ಅದಕ್ಕೆ ಹೋಗುವುದು ಬರೀ ಮೂರ್ನಾಲ್ಕು ಆಂಪಿಯರ್. ಹೊರಗಿನ ಸುರುಳಿಗಳಿಂದ 70-80 ಆಂಪಿಯರ್ ಬರಬಹುದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಅದನ್ನು ಡಿಸಿ ಮಾಡಿ ಕೊಡುತ್ತವೆ. ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಈ ದೊಡ್ಡ ಕರೆಂಟನ್ನು ಮುಟ್ಟುವುದೇ ಇಲ್ಲ. ಆ ಸಣ್ಣದನ್ನು ಹಿಡಿದುಕೊಂಡೇ ದೊಡ್ಡದನ್ನು ನಡೆಸುತ್ತದೆ. ಇಡೀ ಯಂತ್ರದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು.

ಹಿಡಿಯುವ ರೀತಿಯೂ ಸರಳ. ವೋಲ್ಟೇಜ್ ಗೊತ್ತುಮಾಡಿದ ಗಡಿ ದಾಟಿದರೆ ರೋಟರಿನ ಕರೆಂಟ್ ಆಫ್, ಇಳಿದರೆ ಆನ್. ಸೆಕೆಂಡಿಗೆ ಹತ್ತಾರು, ನೂರಾರು ಸಲ ಹೀಗೆ. ಆಫ್ ಆದ ಕೂಡಲೇ ಕಾಂತ ಸಾಯುವುದಿಲ್ಲ. ಸುರುಳಿಯೊಳಗಿನ ಕರೆಂಟ್ ಒಂದು ಡಯೋಡಿನಲ್ಲಿ ಸುತ್ತುತ್ತಾ ಮೆಲ್ಲಗೆ ಇಳಿಯುತ್ತದೆ. ಸ್ವಿಚ್ ಆರಿಸಿದರೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದಲ್ವಾ, ಹಾಗೆ. ಕೂಳೂರಲ್ಲಿ ಆನ್ ಇದ್ದ ಹೊತ್ತು ಜಾಸ್ತಿ, ಕಾಪುವಿನಲ್ಲಿ ಕಡಿಮೆ. ಮೀಟರಿಗೆ ಕಂಡದ್ದು ಆನ್-ಆಫ್ ಎರಡರ ಸರಾಸರಿ.

14ರ ಆಸುಪಾಸೇ ಯಾಕೆ? ಪೂರ್ತಿ ತುಂಬಿದ ಬ್ಯಾಟರಿ ಸುಮ್ನೆ ಇರುವಾಗ 12.6 ವೋಲ್ಟ್. ಚಾರ್ಜ್ ಒಳಗೆ ತಳ್ಳಲು ಅದಕ್ಕಿಂತ ಮೇಲಿರಬೇಕು. 15 ದಾಟಿದರೆ ಒಳಗಿನ ನೀರೇ ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೋಗುತ್ತದೆ. ಬ್ಯಾಟರಿ ಬಿಸಿಯಾದಷ್ಟೂ ಈ ಗಡಿ ಕೆಳಗೆ ಬರುತ್ತದೆ. ಹಾಗಾಗಿ ತುಂಬ ರೆಗ್ಯುಲೇಟರ್‌ಗಳು ಸೆಖೆಯಲ್ಲಿ ವೋಲ್ಟೇಜನ್ನು ಸ್ವಲ್ಪ ಇಳಿಸುತ್ತವೆ. ಮೇ ತಿಂಗಳ ಮಧ್ಯಾಹ್ನ 13.8 ಕಂಡರೆ ಗಾಬರಿ ಬೇಡ ಮಾರಾಯ್ರೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ರೆಗ್ಯುಲೇಟರಿಗೆ ಹೇಳಿ, ಬ್ರೇಕ್ ಹಾಕುವಾಗ ಏರಿಸುತ್ತದೆ, ವೇಗ ಹೆಚ್ಚಿಸುವಾಗ ಇಳಿಸುತ್ತದೆ.

ಇನ್ನೊಂದು ವಿಷಯ ಉಂಟು. ಚಾರ್ಜಿಂಗ್ ಪರೀಕ್ಷೆ ಎಂದು ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ರೋಟರಿನ ಕಾಂತ ತಕ್ಷಣ ಇಳಿಯುವುದಿಲ್ಲವಲ್ಲ, ಬರುತ್ತಿದ್ದ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಕ್ಷಣದಲ್ಲಿ ಹತ್ತಾರು ವೋಲ್ಟ್ ಮೇಲಕ್ಕೆ ಹಾರುತ್ತದೆ. ಡಯೋಡ್‌ಗಳ ಜೊತೆ ಕಾರಿನ ಕಂಪ್ಯೂಟರೂ ಸುಡಬಹುದು. ಟರ್ಮಿನಲ್ ಬಿಗಿಯಾಗಿಯೇ ಇರಲಿ, ಅದರ ಮೇಲೆ ಮಲ್ಟಿಮೀಟರ್ ಇಟ್ಟು ನೋಡಲು ಹೇಳಿ.