ಎರಡು ಫ್ರೇಮ್ ಮಧ್ಯೆ ಕಳ್ದೋಗೋ 16 ಸೆಂಟಿಮೀಟರ್

ಹೋದ ಭಾನುವಾರ ನಮ್ಮಕ್ಕನ ಮಕ್ಕಳಿಬ್ರು ಮನೆ ಹತ್ರದ ಮೈದಾನದಲ್ಲಿ ಆಫ್‌ಸೈಡ್ ವಿಷ್ಯಕ್ಕೆ ಕೈ ಕೈ ಮಿಲಾಯಿಸೋ ಮಟ್ಟಕ್ಕೆ ಹೋಗಿದ್ರು. ದೊಡ್ಡವ ಗೋಲು ಅಂತಾನೆ, ಚಿಕ್ಕವ ಆಫ್‌ಸೈಡ್ ಅಂತಾನೆ (ಅಂದ್ರೆ, ಪಾಸ್ ಒದ್ದ ಕ್ಷಣದಲ್ಲಿ ಗೋಲ್‌ಕೀಪರ್ ಬಿಟ್ಟು ಕೊನೇ ಡಿಫೆಂಡರ್‌ಗಿಂತ ಗೋಲಿಗೆ ಹತ್ರ ಇದ್ದವನು ಹಾಕಿದ ಗೋಲು ಲೆಕ್ಕಕ್ಕಿಲ್ಲ). ಸರಿ, ಇನ್ನೊಂದ್ ಸಲ ಹಂಗೇ ಆಡ್ರಪ್ಪ ಅಂದು, ಡಿಫೆಂಡರ್ ನಿಂತಿದ್ದ ಜಾಗಕ್ಕೆ ರಂಗೋಲಿ ಪುಡೀಲಿ ಒಂದು ಗೆರೆ ಎಳೆಸಿ, ಫೋನನ್ನ ಪಕ್ಕದ ಕಾಂಪೌಂಡ್ ಗೋಡೆ ಮೇಲೆ ಗೆರೆಗೆ ನೇರವಾಗಿ ಇಟ್ಟು ವಿಡಿಯೋ ತೆಗ್ದೆ. ಆಮೇಲೆ ಮೂರೂ ಜನ ನೆರಳಲ್ಲಿ ಕೂತು ಒಂದೊಂದೇ ಫ್ರೇಮ್ ಮುಂದಕ್ಕೆ ತಳ್ತಾ ನೋಡಿದ್ವಿ.

ಒಂದು ಫ್ರೇಮಲ್ಲಿ ಬಾಲ್ ಶೂಗೆ ಇನ್ನೂ ತಾಗಿಲ್ಲ, ಮಧ್ಯೆ ಬೆಳಕು ಕಾಣ್ತಿದೆ. ಮುಂದಿನ ಫ್ರೇಮಲ್ಲಿ ಬಾಲ್ ಆಗ್ಲೇ ಒಂದು ಮೊಳ ದೂರ ಹೋಗಿದೆ. ಒದ್ದ ಕ್ಷಣ ಎಲ್ಲಿ? ಇಲ್ವೇ ಇಲ್ಲ! ಮೊದಲ್ನೇ ಫ್ರೇಮಲ್ಲಿ ಓಡ್ತಿರೋ ದೊಡ್ಡವನ ಭುಜ ಗೆರೆ ಹಿಂದಿದೆ, ಎರಡ್ನೇದ್ರಲ್ಲಿ ಗೆರೆ ದಾಟಿದೆ, ಅವನು ಮುಂದೆ ಬಂದಿರೋ ದೂರಕ್ಕೆ ಮೈದಾನದಲ್ಲಿ ಟೇಪ್ ಹಿಡಿದ್ರೆ ಸುಮಾರು 16 ಸೆಂಟಿಮೀಟರ್. "ಮಾಮ, ಇದೇ ಸರಿಯಾದ ಫೋಟೋ" ಅಂತ ದೊಡ್ಡವ ಹಿಂದಿಂದು ತೋರಿಸ್ದ, "ಇಲ್ಲ ಮಾಮ, ಇದು" ಅಂತ ಚಿಕ್ಕವ ಮುಂದಿಂದು ತೋರಿಸ್ದ. ಇಬ್ರೂ ಸುಳ್ಳು ಹೇಳ್ತಿರ್ಲಿಲ್ಲ.

ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ನಡೀತಿರೋ ವಿಎಆರ್ (ಕೋಣೇಲಿ ಕೂತು ವಿಡಿಯೋ ನೋಡಿ ತೀರ್ಪು ಪರೀಕ್ಷಿಸೋ ರೆಫರಿ ವ್ಯವಸ್ಥೆ) ಜಗಳದಲ್ಲಿ ಅರ್ಧಕ್ಕರ್ಧ ಇದೇ ಕಥೆ. ಫ್ಯಾನ್ಸ್ ಸಿಟ್ಟು ನನಗೆ ಪೂರ್ತಿ ಅರ್ಥ ಆಗುತ್ತೆ, ಗೋಲು ಬಿದ್ದು ಕುಣಿದು ಕುಪ್ಪಳಿಸಿ ಮೂರು ನಿಮಿಷ ಆದ್ಮೇಲೆ ಒಂದು ಕಾಲ್ಬೆರಳಿಗೋಸ್ಕರ ಎಲ್ಲ ವಾಪಸ್ ಅಂದ್ರೆ ಯಾರಿಗೆ ತಾನೆ ಹೊಟ್ಟೆ ಉರಿಯಲ್ಲ. ಆದ್ರೆ ಆ ಸಿಟ್ಟು ನೇರವಾಗಿ "ರೆಫರಿ ದುಡ್ಡು ತಿಂದಿದಾನೆ" ಅನ್ನೋದಕ್ಕೆ ಹೋಗುತ್ತಲ್ಲ, ಅಲ್ಲಿ ನನಗೆ ತಡ್ಕೊಳೋಕಾಗಲ್ಲ. ಅದರ ಎದುರು ಪಾರ್ಟಿ, "ಕ್ಯಾಮೆರಾ ಸುಳ್ಳು ಹೇಳಲ್ಲ" ಅನ್ನೋರು, ಅವರ ಮಾತಂತೂ ಇನ್ನೂ ಅಪಾಯ. ಕ್ಯಾಮೆರಾ ಸುಳ್ಳು ಹೇಳಲ್ಲ ನಿಜ, ಆದ್ರೆ ಅದು ನೋಡೋದೇ ಬಿಟ್ಟು ಬಿಟ್ಟು.

ಲೆಕ್ಕ ಹಾಕಿ ನೋಡಿ. ನನ್ನ ಫೋನು ಸೆಕೆಂಡಿಗೆ 30 ಫ್ರೇಮ್ ತೆಗೆಯೋದು. ಟಿವಿ ಪ್ರಸಾರದ ಮಾಮೂಲಿ ಕ್ಯಾಮೆರಾ 50 ಫ್ರೇಮ್ ತೆಗೆಯುತ್ತೆ, ಅಂದ್ರೆ ಒಂದರಿಂದ ಇನ್ನೊಂದಕ್ಕೆ 20 ಮಿಲಿಸೆಕೆಂಡ್ ಗ್ಯಾಪು. ಸ್ಟ್ರೈಕರ್ ಜೋರಾಗಿ ಓಡಿದ್ರೆ ಸೆಕೆಂಡಿಗೆ 8 ಮೀಟರ್ ಆರಾಮಾಗಿ ಹೋಗ್ತಾನೆ, ಆ ಗ್ಯಾಪಲ್ಲಿ ಅವನು 16 ಸೆಂಟಿಮೀಟರ್ ಸರಿದಾಯ್ತು. ಅದೇ ಹೊತ್ತಿಗೆ ಡಿಫೆಂಡರ್ ಅವನನ್ನ ಆಫ್‌ಸೈಡಲ್ಲಿ ಸಿಕ್ಕಿಸೋಕೆ ಎದುರು ದಿಕ್ಕಿಗೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬರ್ತಿದ್ರೆ ಇನ್ನೊಂದು 8 ಸೇರಿ ಒಟ್ಟು 24. ಕಾಲು ಬಾಲಿಗೆ ತಾಗಿ ಬಿಡೋದು ಎಷ್ಟು ಹೊತ್ತು? ಸುಮಾರು 10 ಮಿಲಿಸೆಕೆಂಡ್ ಅಷ್ಟೇ! ಒದೆಯೋ ಇಡೀ ಕೆಲಸ ಎರಡು ಫ್ರೇಮ್ ಮಧ್ಯೆ ಪೂರ್ತಿ ಮುಗಿದೇ ಹೋಗಬಹುದು. ರೂಲಲ್ಲಿ ಮಾತ್ರ ಬಾಲಿಗೆ ಕಾಲು ಮೊದಲು ತಾಗಿದ ಕ್ಷಣಾನೇ ಲೆಕ್ಕ ಅಂತಿದೆ.

ಒಗ್ಗರಣೆ ಸೌಟಲ್ಲಿ ಸಾಸಿವೆ ಸಿಡಿಯೋದನ್ನ ಕಣ್ಣು ಮಿಟುಕಿಸ್ತಾ ಮಿಟುಕಿಸ್ತಾ ನೋಡಿ, ಸೌಟಲ್ಲಿ ಇದ್ದಿದ್ದು ಕಾಣುತ್ತೆ, ನೆಲದ ಮೇಲೆ ಬಿದ್ದಿದ್ದು ಕಾಣುತ್ತೆ, ಹಾರಿದ್ದು ಕಾಣಲ್ಲ. ಅದು ಮೊದಲ್ನೇ ತೊಂದ್ರೆ. ಎರಡ್ನೇದು ಅದಕ್ಕಿಂತ ದೊಡ್ಡದು, ಹಿಂಗೆ ಗ್ಯಾಪ್ ಇರೋ ಚಿತ್ರದ ಮೇಲೆ ಕಂಪ್ಯೂಟರಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದು, ಭುಜ 2 ಸೆಂಟಿಮೀಟರ್ ಮುಂದಿದೆ ಅಂತ ತೀರ್ಪು ಕೊಡೋದು. ಗೇಣಲ್ಲಿ ಬಟ್ಟೆ ಅಳೆದು ನೂಲಿನ ಲೆಕ್ಕ ಹೇಳಿದಂಗೆ. ತರಕಾರಿ ತಕ್ಕಡೀಲಿ, 50 ಗ್ರಾಮಿಗಿಂತ ಚಿಕ್ಕ ಬೊಟ್ಟೇ ಇಲ್ಲದ ತಕ್ಕಡೀಲಿ, ಚಿನ್ನದ ಮೂಗುತಿ ತೂಗಿ ಮಿಲಿಗ್ರಾಮ್ ಬರ್ಕೊಟ್ಟಂಗೆ. ಗೆರೆ ಸಣ್ಣ ಇದ್ದ ಮಾತ್ರಕ್ಕೆ ಅಳತೆ ಸೂಕ್ಷ್ಮ ಆಗಲ್ಲ. ಇದೊಂದು ಮಾತು ಎಲ್ಲರಿಗೂ ಗೊತ್ತಾದ್ರೆ ಸಾಕು ಅಂತಾನೇ ನಾನು ಇಷ್ಟೆಲ್ಲ ಬರೀತಿರೋದು.

ಹಂಗಾದ್ರೆ ಕ್ಯಾಮೆರಾ ಬಿಸಾಕಿ, ಮೈದಾನದ ಅಂಚಲ್ಲಿ ಬಾವುಟ ಹಿಡಿದು ಓಡೋ ಲೈನ್ಸ್‌ಮನ್ ಕಣ್ಣನ್ನೇ ನಂಬೋಣ ಅಂತೀರಾ? ಈ ರೂಲ್ ಹುಟ್ಟಿದ್ದೇ ಮನುಷ್ಯರ ಕಣ್ಣಿಗೋಸ್ಕರ, ಅದಂತೂ ನಿಜ. 1863ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ ಮೊದಲು ರೂಲ್ಸ್ ಬರೆದಾಗ ಬಾಲಿಗಿಂತ ಮುಂದಿದ್ರೇ ಆಫ್‌ಸೈಡ್, 1866ರಲ್ಲಿ ಗೋಲ್‌ಲೈನ್ ಕಡೆ ಎದುರಾಳಿಗಳು ಮೂರು ಜನ ಇದ್ರೆ ಓಕೆ ಅಂತಾಯ್ತು, 1925ರಲ್ಲಿ ಅದನ್ನ ಎರಡಕ್ಕೆ ಇಳಿಸಿದ್ರು. ಆ ಒಂದು ಬದಲಾವಣೆಗೆ ಇಂಗ್ಲೆಂಡಿನ ಲೀಗಲ್ಲಿ ಒಂದು ಸೀಸನ್ನಿನ ಗೋಲು 4,700ರಿಂದ 6,373ಕ್ಕೆ ಹಾರ್ತು, ಯೋಚ್ನೆ ಮಾಡಿ! 1990ರಲ್ಲಿ ಸಮಸಮ ಇದ್ರೆ ಆಫ್‌ಸೈಡ್ ಅಲ್ಲ ಅಂತ ಮಾಡಿದ್ರು. ಈ ಎಲ್ಲ ಕಾಲದಲ್ಲೂ 'ಸಮಸಮ' ಅಂದ್ರೆ ಬಾವುಟ ಹಿಡಿದವನ ಕಣ್ಣಿಗೆ ಸಮಸಮ ಅಂತ, ಮಿಲಿಮೀಟರ್ ಲೆಕ್ಕ ಯಾರ ತಲೇಲೂ ಇರ್ಲಿಲ್ಲ.

ಆದ್ರೆ ಆ ಕಣ್ಣಿನ ಹಿಂದಿರೋ ಮಿದುಳಿನದ್ದೇ ಒಂದು ಸ್ವಭಾವ ಇದೆ. ಓಡ್ತಿರೋ ವಸ್ತು ಪಕ್ಕ ಫಕ್ಕಂತ ಒಂದು ಬೆಳಕು ಮಿಂಚಿದ್ರೆ, ಆ ಕ್ಷಣದಲ್ಲಿ ಓಡ್ತಿರೋದು ನಿಜವಾಗಿ ಇರೋ ಜಾಗಕ್ಕಿಂತ ಸ್ವಲ್ಪ ಮುಂದೆ ಕಾಣುತ್ತೆ. ಇದನ್ನ ಫ್ಲ್ಯಾಶ್ ಲ್ಯಾಗ್ ಅಂತಾರೆ, ರೋಮಿ ನಿಜಾವನ್ ಅನ್ನೋ ವಿಜ್ಞಾನಿ 1994ರಲ್ಲಿ ಈ ವಿಷ್ಯಕ್ಕೆ ಹೊಸ ಜೀವ ಕೊಟ್ರು. ಕಣ್ಣಿಂದ ಸುದ್ದಿ ಮಿದುಳಿಗೆ ತಲುಪೋದೇ ಒಂಚೂರು ತಡ, ಆ ತಡಾನ ತುಂಬ್ಕೊಳೋಕೆ ಮಿದುಳು ಮುಂದಿನ ಜಾಗವನ್ನ ತಾನೇ ಊಹಿಸಿ ತೋರಿಸುತ್ತೆ ಅನ್ನೋದು ಅವರ ವಿವರಣೆ, ಬೇರೆ ವಿವರಣೆಗಳೂ ಇವೆ. ಲೈನ್ಸ್‌ಮನ್‌ಗೆ ಪಾಸ್ ಒದ್ದ ಕ್ಷಣಾನೇ ಆ ಮಿಂಚು, ಸ್ಟ್ರೈಕರ್ ಓಡ್ತಿರೋ ವಸ್ತು. ಸಮಸಮ ಇದ್ದವನು ಮುಂದೆ ಇದ್ದಂಗೆ ಕಾಣ್ತಾನೆ, ಬಾವುಟ ಮೇಲೇಳುತ್ತೆ. 2002ರ ವರ್ಲ್ಡ್ ಕಪ್ಪಿನ 64 ಮ್ಯಾಚುಗಳ 337 ಆಫ್‌ಸೈಡ್ ಸನ್ನಿವೇಶಗಳನ್ನ ಸಂಶೋಧಕರು ಆಮೇಲೆ ಕೂತು ನೋಡಿದ್ರು, ಶೇಕಡಾ 26.2ರಷ್ಟು ತಪ್ಪು. ಆ ತಪ್ಪುಗಳಲ್ಲಿ ಬಹುಪಾಲು ಇಂಥವೇ, ಎತ್ತಬಾರದ ಕಡೆ ಬಾವುಟ ಎತ್ತಿದ್ದು. ಯಾರೂ ದುಡ್ಡು ಕೊಟ್ಟಿರ್ಲಿಲ್ಲ.

ಇನ್ನು ನಮ್ಮ ಕಣ್ಣು, ಸೋಫಾ ಮೇಲೆ ಕೂತ ಫ್ಯಾನ್ ಕಣ್ಣು. 1951ರಲ್ಲಿ ಅಮೆರಿಕದಲ್ಲಿ ಡಾರ್ಟ್‌ಮತ್ ಮತ್ತೆ ಪ್ರಿನ್ಸ್‌ಟನ್ ಕಾಲೇಜುಗಳ ಮಧ್ಯೆ ಒಂದು ಒರಟು ಮ್ಯಾಚ್ ಆಯ್ತು (ಅದು ಅವ್ರ ಅಮೆರಿಕನ್ ಫುಟ್ಬಾಲು, ಇರ್ಲಿ), ಒಬ್ಬನ ಮೂಗು ಮುರೀತು, ಇನ್ನೊಬ್ಬನ ಕಾಲು ಮುರೀತು. ಹ್ಯಾಸ್ಟಾರ್ಫ್ ಮತ್ತೆ ಕ್ಯಾಂಟ್ರಿಲ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಎರಡೂ ಕಾಲೇಜಿನ ಹುಡುಗ್ರಿಗೆ ಅದೇ ಮ್ಯಾಚಿನ ಅದೇ ಫಿಲ್ಮ್ ತೋರಿಸಿ ಫೌಲ್ ಎಣಿಸಿ ಅಂದ್ರು. ಡಾರ್ಟ್‌ಮತ್ ಆಟಗಾರರು ಮಾಡಿದ ಫೌಲು ಪ್ರಿನ್ಸ್‌ಟನ್ ಹುಡುಗ್ರಿಗೆ ಸರಾಸರಿ 9.8 ಕಾಣಿಸ್ತು, ಡಾರ್ಟ್‌ಮತ್ ಹುಡುಗ್ರಿಗೆ 4.3. ಮೈದಾನದಲ್ಲಿ ನಮ್ಮನೆ ಹುಡುಗ್ರು ಒಬ್ಬೊಬ್ಬ ಒಂದೊಂದು ಫೋಟೋ ಹಿಡ್ಕೊಂಡಿದ್ದು ನೆನಪಿಸ್ಕೊಳಿ.

ರೆಫರಿಗಳಿಗೆ ಒಂದು ಕಡೆಗೆ ವಾಲೋ ಗುಣ ಇಲ್ವೇ ಇಲ್ಲ ಅಂತ ನಾನು ಹೇಳ್ತಿಲ್ಲ, ಇದೆ, ಆದ್ರೆ ನೀವಂದ್ಕೊಂಡ ಕಡೆ ಇಲ್ಲ. 2002ರಲ್ಲಿ ಇಂಗ್ಲೆಂಡಿನ 40 ರೆಫರಿಗಳಿಗೆ ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಸ್ಟೇಡಿಯಂನಲ್ಲಿ ನಡೆದ ಒಂದು ಮ್ಯಾಚಿನ 47 ಟ್ಯಾಕಲ್ (ಬಾಲ್ ಕಿತ್ಕೊಳೋಕೆ ಕಾಲು ಹಾಕೋದು) ತೋರಿಸಿದ್ರು, ಸುಮಾರು ಅರ್ಧ ಜನಕ್ಕೆ ಪ್ರೇಕ್ಷಕರ ಕೂಗಿನ ಜೊತೆ, ಉಳಿದವರಿಗೆ ಸೌಂಡ್ ಇಲ್ಲದೆ. ಕೂಗು ಕೇಳಿಸ್ಕೊಂಡವರು ಹೋಮ್ ಟೀಮ್ ವಿರುದ್ಧ 15.5 ಪರ್ಸೆಂಟ್ ಕಮ್ಮಿ ಫೌಲ್ ಕೊಟ್ರು. ಕೊರೊನಾ ಟೈಮಲ್ಲಿ ಖಾಲಿ ಸ್ಟೇಡಿಯಂನಲ್ಲಿ ಆಡಿದಾಗ ಹೊರಗಿನ ಟೀಮಿಗೆ ಬೀಳೋ ಹೆಚ್ಚುವರಿ ಕಾರ್ಡುಗಳು ಕಮ್ಮಿ ಆದವು. ವಾಲಿಸ್ತಿರೋದು ಗ್ಯಾಲರಿಯಲ್ಲಿ ಕೂಗೋ ನಾವೇ.

ವಿಎಆರ್ ಕೋಣೇಲಿ ಆ ಕೂಗು ಇಲ್ಲ, ಆದ್ರೆ ಅಲ್ಲಿ ಬೇರೆ ಬಲೆ ಇದೆ. 2023ರ ಸೆಪ್ಟೆಂಬರ್ 30ರ ಟಾಟನ್‌ಹ್ಯಾಮ್ – ಲಿವರ್‌ಪೂಲ್ ಮ್ಯಾಚ್ ತಗೊಳಿ. ಲಿವರ್‌ಪೂಲ್‌ನ ಕರ್ಟಿಸ್ ಜೋನ್ಸ್ ಟ್ಯಾಕಲ್‌ಗೆ ಮೊದಲು ಹಳದಿ ಕಾರ್ಡು, ರೆಫರಿ ಮಾನಿಟರ್ ಹತ್ರ ಹೋದಾಗ ಮೊದಲು ಕಂಡಿದ್ದು ನಿಲ್ಲಿಸಿಟ್ಟ ಒಂದು ಚಿತ್ರ, ಕಾಲಿನ ಮೇಲೆ ಶೂ ಊರಿರೋದು, ಆಮೇಲೆ ಕೆಂಪು ಕಾರ್ಡು. ಸ್ಲೋ ಮೋಷನ್‌ನಲ್ಲಿ ನೋಡಿದ್ರೆ ಮಾಡಿದವನು ಬೇಕಂತ್ಲೇ ಮಾಡಿದಂಗೆ ಕಾಣುತ್ತೆ ಅನ್ನೋದು ಪ್ರಯೋಗಗಳಲ್ಲಿ ಗೊತ್ತಾಗಿರೋ ವಿಷ್ಯ, ಯಾಕಂದ್ರೆ ಯೋಚ್ನೆ ಮಾಡೋಕೆ ಅವನಿಗೆ ಅಷ್ಟು ಟೈಮ್ ಇತ್ತು ಅಂತ ನೋಡೋರಿಗೆ ಅನ್ಸಿಬಿಡುತ್ತೆ. ಯುರೋಪಿನ 88 ರೆಫರಿಗಳ ಮೇಲೆ ಮಾಡಿದ ಇನ್ನೊಂದು ಅಧ್ಯಯನದಲ್ಲೂ ಸ್ಲೋ ಮೋಷನ್ ನೋಡಿದಾಗ ಶಿಕ್ಷೆ ಜಾಸ್ತಿ ಕಠಿಣ ಆಯ್ತು. ಅದೇ ಟಾಟನ್‌ಹ್ಯಾಮ್ ಮ್ಯಾಚಲ್ಲಿ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹೋಗಿದ್ದಕ್ಕೆ ಫ್ರೇಮೂ ಕಾರಣ ಅಲ್ಲ, ಗೆರೆಯೂ ಅಲ್ಲ. ಮೈದಾನದಲ್ಲಿ ಆಫ್‌ಸೈಡ್ ಕೊಟ್ಟಿದ್ರು, ಕೋಣೇಲಿದ್ದವರು ಗೋಲ್ ಕೊಟ್ಟಿದಾರೆ ಅಂದ್ಕೊಂಡು "ಚೆಕ್ ಮುಗೀತು" ಅಂದ್ಬಿಟ್ರು, ತಪ್ಪು ಗೊತ್ತಾಗೋ ಹೊತ್ತಿಗೆ ಆಟ ಶುರುವಾಗಿತ್ತು, ರೂಲ್ ಪ್ರಕಾರ ವಾಪಸ್ ಹೋಗಂಗಿಲ್ಲ. ಲಿವರ್‌ಪೂಲ್ 2-1ರಲ್ಲಿ ಸೋಲ್ತು. ಆ ಆಡಿಯೋ ಬಿಡುಗಡೆ ಮಾಡಿದ್ರು, ಕೇಳಿದ್ರೆ ಸಂಚು ಕಾಣಲ್ಲ, ಗಾಬರಿ ಕಾಣುತ್ತೆ.

ಹೊಸ ಉಪಕರಣ ಬಂದಿದೆ, ಒಪ್ತೀನಿ, ನನಗೂ ಅದು ಕಂಡ್ರೆ ಖುಷಿ. 2022ರ ಕತಾರ್ ವರ್ಲ್ಡ್ ಕಪ್ಪಲ್ಲಿ ಸ್ಟೇಡಿಯಂ ಛಾವಣಿ ಕೆಳಗೆ 12 ಕ್ಯಾಮೆರಾ, ಅವು ಪ್ರತಿ ಆಟಗಾರನ ಮೈ ಮೇಲೆ ಗುರುತಿಸೋ 29 ಬಿಂದು, ಬಾಲ್ ಒಳಗೆ ಸೆಕೆಂಡಿಗೆ 500 ಸಲ ಸುದ್ದಿ ಕಳಿಸೋ ಸೆನ್ಸರ್. ಒದ್ದ ಕ್ಷಣದ ಗ್ಯಾಪು 20ರಿಂದ 2 ಮಿಲಿಸೆಕೆಂಡಿಗೆ ಇಳೀತು! ಆದ್ರೆ ಅಲ್ಲಿ ಆ 29 ಬಿಂದುಗಳನ್ನ ನೋಡ್ತಿದ್ದಿದ್ದು ಸೆಕೆಂಡಿಗೆ 50 ಸಲಾನೇ, ಮಧ್ಯದ ಜಾಗ ಲೆಕ್ಕ ಹಾಕಿ ತುಂಬಿಸ್ಬೇಕಿತ್ತು. 2024ರ ಯೂರೋ ಕಪ್ಪಲ್ಲಿ ಜರ್ಮನಿ ವಿರುದ್ಧ ಡೆನ್ಮಾರ್ಕಿನ ಡಿಲೇನಿ ಶೂ ತುದಿ ಮುಂದಿತ್ತು ಅಂತ ಗೋಲು ಹೋಯ್ತು, ಕೆಲವೇ ನಿಮಿಷದಲ್ಲಿ ಬಾಲಿನ ಸೆನ್ಸರ್ ಹ್ಯಾಂಡ್‌ಬಾಲ್ ತೋರಿಸಿ ಎದುರು ಕಡೆ ಪೆನಾಲ್ಟಿ. ಟಿವೀಲಿ ಆ ಗ್ರಾಫ್ ನೋಡಿದಾಗ ನಮಗೆಲ್ಲ ಕ್ರಿಕೆಟ್ಟಿನ ಸ್ನಿಕೋ (ಬಾಲ್ ಬ್ಯಾಟಿಗೆ ತಾಗಿದ ಸದ್ದಿನ ಗ್ರಾಫ್) ನೆನಪಾಯ್ತು.

ಕ್ರಿಕೆಟ್ ಇಲ್ಲಿ ಜಾಣತನ ಮಾಡಿದೆ. ಡಿಆರ್‌ಎಸ್‌ನಲ್ಲಿ ಎಲ್‌ಬಿಡಬ್ಲ್ಯೂ ನೋಡ್ವಾಗ ಬಾಲ್ ವಿಕೆಟ್ಟಿಗೆ ಅಂಚಲ್ಲಿ ಸವರೋ ಹಂಗಿದ್ರೆ 'ಅಂಪೈರ್ಸ್ ಕಾಲ್', ಅಂದ್ರೆ ನಮ್ಮ ಉಪಕರಣ ಇಷ್ಟು ಸೂಕ್ಷ್ಮಕ್ಕೆ ಹೋಗಲ್ಲ, ಮೈದಾನದಲ್ಲಿ ಕೊಟ್ಟಿದ್ದೇ ಇರ್ಲಿ ಅಂತ. ಜನ ಅದನ್ನೂ ಬೈತಾರೆ, ಆದ್ರೆ ಅಳತೆಗೂ ಒಂದು ದಪ್ಪ ಇರುತ್ತೆ ಅಂತ ಟಿವಿ ಮುಂದೆ ಕೂತ ಅಜ್ಜೀಗೂ ಕಲಿಸಿದ ರೂಲ್ ಅದು. ಫುಟ್ಬಾಲಲ್ಲೂ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2021ರಲ್ಲಿ ಗೆರೆ ದಪ್ಪ ಮಾಡಿ, ಎರಡು ಗೆರೆ ಒಂದರ ಮೇಲೊಂದು ಬಿದ್ರೆ ಸ್ಟ್ರೈಕರ್‌ಗೆ ಲಾಭ ಅಂತ ಮಾಡ್ತು, ಒಳ್ಳೇದೇ. ಸ್ವೀಡನ್ನಿನ ಲೀಗ್ ವಿಎಆರೇ ಬೇಡ ಅಂದಿದೆ, ನಾರ್ವೇಲಿ 2024ರಲ್ಲಿ ಮೈದಾನಕ್ಕೆ ಮೀನಿನ ವಡೆ ಎಸೆದು ಮ್ಯಾಚನ್ನೇ ನಿಲ್ಲಿಸಿದ್ರು. ಅಷ್ಟು ದೂರ ಹೋಗೋದ್ಯಾಕೆ? ಗೆರೆ ಜೊತೆ ಅದರ ದಪ್ಪಾನೂ ಟಿವೀಲಿ ತೋರಿಸಿ ಅಂತ ಕೇಳೋಣ.

ನಮ್ಮ ಕಂಠೀರವದಲ್ಲಿ 2023ರ ಮಾರ್ಚ್ 3ಕ್ಕೆ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಎಕ್ಸ್‌ಟ್ರಾ ಟೈಮಲ್ಲಿ ಫಟ್ಟಂತ ಫ್ರೀ ಕಿಕ್ ಒದ್ದು ಗೋಲ್ ಹಾಕಿದ್ರು, ಕೇರಳ ಬ್ಲಾಸ್ಟರ್ಸ್ ಆಟ ಬಿಟ್ಟು ಎದ್ದು ಹೋದ್ರು, ಆಮೇಲೆ 4 ಕೋಟಿ ದಂಡ. ಅವತ್ತಿಂದ ವಿಎಆರ್ ಬೇಕು ಅನ್ನೋ ಕೂಗು ಇಲ್ಲೂ ಜೋರಾಯ್ತು. ಆದ್ರೆ ಅಲ್ಲಿ ಪ್ರಶ್ನೆ ಇದ್ದಿದ್ದು ವಿಸಿಲ್‌ಗೆ ಕಾಯ್ಬೇಕಿತ್ತಾ ಇಲ್ವಾ ಅಂತ, ಫ್ರೀ ಕಿಕ್ಕಿಂದ ಆಟ ಮತ್ತೆ ಶುರು ಮಾಡಿದ ರೀತೀನ ವಿಎಆರ್ ನೋಡಂಗೇ ಇಲ್ಲ.

ಹುಡುಗ್ರು ಈಗ ಫೋನಲ್ಲಿ ಸೆಕೆಂಡಿಗೆ 240 ಫ್ರೇಮಿನ ಮೋಡ್ ಇದೆ ಅಂತ ಕಂಡ್ಹಿಡಿದಿದಾರೆ. ಅವರ ಓಟಕ್ಕೆ ಗ್ಯಾಪು ಸುಮಾರು 2 ಸೆಂಟಿಮೀಟರಿಗೆ ಇಳಿಯುತ್ತೆ, ಅಂದ್ರೆ ರಂಗೋಲಿ ಗೆರೆಯಷ್ಟೇ ದಪ್ಪ. ಈ ಭಾನುವಾರ ಬೆಳಿಗ್ಗೆ ಬಿಸಿಲೇರೋ ಮುಂಚೆ ಮತ್ತೆ ಮೈದಾನಕ್ಕೆ, ದೊಡ್ಡ ಟೇಪ್ ನಾನು ತರ್ತೀನಿ ಅಂದಿದೀನಿ.