ದರಕಿನೊಳಗಿನ ಉಣುಗು ಮತ್ತು ಮಂಗನ ಕಾಯಿಲೆ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಗಿನ ಮಾತು. ಫೆಬ್ರವರಿಯ ಒಂದು ಬೆಳಿಗ್ಗೆ ಜ್ವರದಲ್ಲಿ ನಡುಗುತ್ತಿದ್ದ ಹೆಂಗಸೊಬ್ಬರನ್ನು ಆಟೋದಲ್ಲಿ ಕರೆತಂದರು. ಕಣ್ಣು ಕೆಂಪು, ತಲೆ ಎತ್ತಲಾರದಷ್ಟು ನೋವು. ಜೊತೆಗೆ ಬಂದವರು ಬಾಗಿಲ ಹೊರಗೇ ನಿಂತುಬಿಟ್ಟರು.

'ಮಂಗ ಸತ್ತಿದ್ದು ನೋಡಿದ್ರಾ?' ಅಂತ ಕೇಳಿದೆ.

'ಇಲ್ಲ ಡಾಕ್ಟ್ರೇ, ಈ ವರ್ಷ ನಮ್ಮ ಕಡೆ ಮಂಗನೇ ಬಂದಿಲ್ಲ.'

'ದರಕು ತರೋಕೆ ಹೋಗಿದ್ರಾ?'

'ಅದು ದಿನಾ ಹೋಗೋದೇ ಅಲ್ವಾ, ಕೊಟ್ಟಿಗೆಗೆ ಬೇಕಲ್ಲ.' ದರಕು ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ.

ಮಂಡಿಯ ಹಿಂದೆ ನೋಡಿದರೆ ಎಳ್ಳಿಗಿಂತ ಸಣ್ಣ ಕಂದು ಚುಕ್ಕೆ. ಮಚ್ಚೆ ಅಂದುಕೊಂಡು ಬಿಟ್ಟುಬಿಡಬೇಕು, ಹಾಗಿತ್ತು. ಭೂತಗನ್ನಡಿ ಹಿಡಿದಾಗ ಕಾಲುಗಳು ಕಂಡವು. ಉಣುಗು, ಅಂದರೆ ಪ್ರಾಣಿಗಳ ಮೈಗೆ ಕಚ್ಚಿ ರಕ್ತ ಕುಡಿಯುವ ಉಣ್ಣೆ. ಜ್ವರ ತಂದದ್ದು ಅದೇ ಉಣುಗು ಅಂತ ಹೇಳೋಕಾಗಲ್ಲ. ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಶುರುವಾಗುತ್ತದೆ, ಅಷ್ಟರಲ್ಲಿ ಕಚ್ಚಿದ್ದು ಸಾಮಾನ್ಯವಾಗಿ ಉದುರಿಹೋಗಿರುತ್ತದೆ. ಆದರೆ ಅವರು ಎಲ್ಲಿ ಓಡಾಡಿ ಬಂದಿದ್ದಾರೆ ಅಂತ ಅದು ನನಗೆ ಹೇಳಿತು. ಹೊರಗೆ ನಿಂತವರನ್ನು ಒಳಗೆ ಕರೆದು ಕೂರಿಸಿದೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ.

ಹೆಸರೇ ಜನರನ್ನು ದಾರಿ ತಪ್ಪಿಸಿದೆ ಅನ್ನೋದು ನನ್ನ ಅಭಿಪ್ರಾಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಯವರೂ ಜ್ವರದಿಂದ ಮಲಗಿದರು. ಮೊದಲು ಹಳದಿ ಜ್ವರ ಇರಬಹುದು ಅಂತ ಅನುಮಾನ ಬಂತು. ಪುಣೆಯ ವೈರಸ್ ಕೇಂದ್ರದವರು ಪರೀಕ್ಷೆ ಮಾಡಿದಾಗ ಹೊಸದೇ ಒಂದು ವೈರಸ್ ಸಿಕ್ಕಿತು. ವೈದ್ಯರ ಪುಸ್ತಕದಲ್ಲಿ ಅದಕ್ಕೆ ಕಾಡಿನ ಹೆಸರು, ಊರಿನವರ ಬಾಯಲ್ಲಿ ಮಂಗನ ಹೆಸರು. ಪಾಪ, ಮಂಗವೂ ನಮ್ಮ ಹಾಗೆಯೇ ರೋಗಿ. ಅದನ್ನೂ ಕಚ್ಚಿದ್ದು ಉಣುಗೇ.

ಉಣುಗು ಬದುಕಿನಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ. ಮರಿಯಾಗಿದ್ದಾಗ ಒಮ್ಮೆ, ಸ್ವಲ್ಪ ಬೆಳೆದಾಗ ಒಮ್ಮೆ, ಪೂರ್ತಿ ಬೆಳೆದ ಮೇಲೆ ಒಮ್ಮೆ. ಮೊದಲ ಎರಡು ಸಲ ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಬೀಳುತ್ತದೆ, ಪೊರೆ ಕಳಚಿ, ಬೇರೆ ಪ್ರಾಣಿ ಹತ್ತುತ್ತದೆ. ವೈರಸ್ ಸಾಗುವುದು ಈ ಹತ್ತಿ ಇಳಿಯುವ ದಾರಿಯಲ್ಲೇ. ಮಳೆ ನಿಂತ ಮೇಲೆ ಹುಟ್ಟುವ ಮರಿಗಳು ಇಲಿ, ಅಳಿಲು, ಮಂಗ ಹೀಗೆ ಸಿಕ್ಕಿದ್ದನ್ನು ಹಿಡಿಯುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಯ ಮೈಗೂ ಬಂತು, ಪೊರೆ ಕಳಚಿದರೂ ಅದು ಹೋಗುವುದಿಲ್ಲ. ಮಂಗದ ರಕ್ತದಲ್ಲಿ ವೈರಸ್ ವಿಪರೀತ ಬೆಳೆಯುತ್ತದೆ, ಕಪ್ಪು ಮೂತಿಯ ಮುಸಿಯ ಆಗಲಿ ಕೆಂಪು ಮೂತಿಯ ಮಂಗ ಆಗಲಿ. ಅದು ಸತ್ತು ಮೈ ತಣ್ಣಗಾದ ಮೇಲೆ ಮೈಮೇಲಿನ ಉಣುಗುಗಳೆಲ್ಲ ಇಳಿದು ಸುತ್ತಲಿನ ದರಕಿನೊಳಗೆ ಸೇರುತ್ತವೆ. ಮಂಗ ಕೊಳೆತು ಮಣ್ಣಾದರೂ ಆ ಜಾಗದ ಅಪಾಯ ಹಾಗೇ ಉಳಿಯುತ್ತದೆ. ಅದಕ್ಕೇ ಸತ್ತ ಮಂಗ ಕಂಡರೆ ಕೋಲಿನಲ್ಲಿ ತಳ್ಳೋದು, ಫೋಟೋ ತೆಗೆಯೋಕೆ ಹತ್ತಿರ ಹೋಗೋದು ದಯವಿಟ್ಟು ಬೇಡ. ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಯವರಿಗೋ ತಕ್ಷಣ ಹೇಳಿ. ಅವರು ಬಂದು ಸುತ್ತ ಮೆಲಾಥಿಯಾನ್ ಅನ್ನೋ ಕೀಟನಾಶಕ ಹಾಕಿಸುತ್ತಾರೆ.

ನಮ್ಮನ್ನು ಹೆಚ್ಚಾಗಿ ಕಚ್ಚುವುದು ಎರಡನೇ ಹಂತದ್ದು, ಎಳ್ಳಿಗಿಂತ ಸಣ್ಣದು ಅಂದೆನಲ್ಲ, ಅದೇ. ಡಿಸೆಂಬರಿನಿಂದ ಮೇವರೆಗೆ ಅದರ ಹಾವಳಿ. ಮಲೆನಾಡಿನವರು ದರಕು, ಸೊಪ್ಪು, ಸೌದೆ ಅಂತ ಬೆಟ್ಟ ಹತ್ತುವುದೂ ಆಗಲೇ. ನಮ್ಮನ್ನು ಕಚ್ಚಿದ ಉಣುಗು ಸಾಮಾನ್ಯವಾಗಿ ಕಾಡಿಗೆ ವಾಪಸ್ ಹೋಗಲ್ಲ, ಹಾಗಾಗಿ ವೈರಸ್ಸಿನ ದಾರಿ ನಮ್ಮಲ್ಲಿಗೆ ಮುಗಿಯಿತು.

ದನಗಳ ಪಾತ್ರ ವಿಚಿತ್ರ. ಅವುಗಳಿಗೆ ಈ ಕಾಯಿಲೆ ಬಾಧಿಸುವುದಿಲ್ಲ. ಆದರೆ ಪೂರ್ತಿ ಬೆಳೆದ ಉಣುಗಿಗೆ ಊಟ ಹಾಕುವುದು ಅವೇ. ದನದ ರಕ್ತ ಕುಡಿದ ಒಂದು ಹೆಣ್ಣು ಉಣುಗು ಕೆಳಗೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಮೇಯೋಕೆ ಕಾಡಿಗೆ ಬಿಡೋದು ನಿಲ್ಲಿಸಿ ಅಂತ ಸುಮ್ನೆ ಹೇಳಿದರೆ ಯಾರು ಕೇಳುತ್ತಾರೆ, ಮೇವು ಎಲ್ಲಿಂದ ತರಬೇಕು? ಪಶು ಆಸ್ಪತ್ರೆಯಲ್ಲಿ ಕೇಳಿ ದನದ ಮೈಗೆ ಉಣುಗಿನ ಔಷಧಿ ಹಾಕಿಸುವುದಾದರೂ ಆಗಬೇಕು.

ಕಾಯಿಲೆ ಈಗ ವಯನಾಡು, ಗೋವಾ, ಮಹಾರಾಷ್ಟ್ರದವರೆಗೂ ಹೋಗಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಎಷ್ಟು ಮನೆಗಳು ನಲುಗಿದವು ಅಂತ ನಮ್ಮ ಕಡೆಯವರು ಮರೆತಿಲ್ಲ. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ವೈರಸ್ ಕೊಲ್ಲುವ ಔಷಧಿ ಇಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿರಲಿಲ್ಲ, ಅದನ್ನು ನಿಲ್ಲಿಸಿದ್ದಾರೆ. ಸದ್ಯಕ್ಕೆ ಇರುವ ರಕ್ಷಣೆ ಅಂದರೆ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೇಪಾ ಎಣ್ಣೆ, ಉದ್ದ ತೋಳಿನ ಅಂಗಿ, ಕಾಡಿನಿಂದ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಕುದಿಸೋದು. ಎಣ್ಣೆಯ ಪ್ರಭಾವ ಕೆಲವು ಗಂಟೆ ಮಾತ್ರ, ಬೆಳಿಗ್ಗೆ ಹಚ್ಚಿದ್ದು ಸಂಜೆವರೆಗೆ ಸಾಲದು.

ಇನ್ನೊಂದು ಮಾತು. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಬರಬಹುದು, ಆಗ ಜೋರು ತಲೆನೋವು, ಕೈ ನಡುಕ, ಗೊಂದಲ ಇರುತ್ತದೆ. ಆ ಹೆಂಗಸಿಗೂ ಹಾಗೇ ಆಯಿತು, ಮಗಳು ಗುರುತಿಸಿ ಅವತ್ತೇ ಕರೆತಂದಿದ್ದಕ್ಕೆ ಉಳಿದರು. ಮೈಕೈ ನೋವಿಗೆ ಅಂಗಡಿಯಿಂದ ಸಿಕ್ಕ ಮಾತ್ರೆ ನುಂಗಬೇಡಿ. ಆಸ್ಪಿರಿನ್ ಥರದವು ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಆಸ್ಪತ್ರೆಗೆ ಹೋದಾಗ, ಡಾಕ್ಟರು ಕೇಳಲಿ ಬಿಡಲಿ, ಕಾಡಿಗೆ ಯಾವತ್ತು ಹೋಗಿದ್ದಿರಿ ಅಂತ ಮೊದಲು ಹೇಳಿ.